ನವೀಕರಿಸಬಹುದಾದ ಇಂಧನ ಮತ್ತು ಪರಿಸರ: ಮಂಗಳೂರು ಹಾಗೂ ನೇತ್ರಾವತಿ ಕಣಿವೆ

ಬಿಸಿಲು, ಗಾಳಿ, ಹರಿಯುವ ನೀರು, ಸೌದೆ, ಸಗಣಿ ಅನಿಲ ಮುಂತಾದ, ಬಳಸಿದಂತೆ ಮತ್ತೆ ತುಂಬಿಕೊಳ್ಳುವ ಮೂಲಗಳಿಂದ ಪಡೆಯುವ ಶಕ್ತಿಯನ್ನು ನವೀಕರಿಸಬಹುದಾದ ಇಂಧನ ಎನ್ನುತ್ತಾರೆ. ಇದನ್ನು ಪರಿಸರಸ್ನೇಹಿ ಎಂದು ಕರೆಯುವುದೂ ರೂಢಿ. ಆದರೆ ಮೂಲ ಬತ್ತದು ಎಂದ ಮಾತ್ರಕ್ಕೆ ಅದನ್ನು ಹಿಡಿಯಲು ಕಟ್ಟುವ ಒಡ್ಡು, ಕಾಲುವೆ, ತಂತಿಗಳಿಂದ ಹೊಳೆಗೂ ಕಾಡಿಗೂ ತೋಟಕ್ಕೂ ಹಾನಿಯಾಗದು ಎಂದೇನೂ ಅಲ್ಲ. ಈ ವ್ಯತ್ಯಾಸ ಕಣ್ಣಿಗೆ ಕಾಣುವ ಊರುಗಳಲ್ಲಿ ಮಂಗಳೂರು ಒಂದು. ನಗರದ ಕುಡಿಯುವ ನೀರು ಬರುವುದು ನೇತ್ರಾವತಿಯಿಂದ. ಅದೇ ನದಿಯ ಮೇಲೂ ಅದರ ಉಪನದಿಗಳ ಮೇಲೂ ಕಿರು ಜಲವಿದ್ಯುತ್ ಯೋಜನೆಗಳಿವೆ. ಉತ್ತರಕ್ಕೆ ಪಡುಬಿದ್ರಿಯ ಬಳಿ ಕಲ್ಲಿದ್ದಲು ಸ್ಥಾವರವಿದೆ. ಪಣಂಬೂರಿನ ಬಂದರಿನ ಗೋದಾಮುಗಳ ಚಾವಣಿಯ ಮೇಲೆ ಸೌರ ಫಲಕಗಳಿವೆ.

ಇಂಗಾಲದ ಲೆಕ್ಕ

ಮೊದಲು ಒಪ್ಪಬೇಕಾದ ಮಾತನ್ನು ಒಪ್ಪಿಕೊಳ್ಳೋಣ. ಹವಾಮಾನ ಬದಲಾವಣೆಯ ಕುರಿತ ಅಂತರ ಸರ್ಕಾರಿ ಸಮಿತಿ 2014ರಲ್ಲಿ ನೀಡಿದ ಲೆಕ್ಕದಂತೆ, ಗಣಿಯಿಂದ ಹಿಡಿದು ಸ್ಥಾವರ ಕಳಚುವವರೆಗಿನ ಎಲ್ಲವನ್ನೂ ಸೇರಿಸಿದರೆ, ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಹೊಮ್ಮುವ ಹಸಿರುಮನೆ ಅನಿಲ ಸುಮಾರು 820 ಗ್ರಾಂ. ಚಾವಣಿ ಸೌರ ಫಲಕಕ್ಕೆ ಅದು ಸುಮಾರು 41 ಗ್ರಾಂ, ಜಲವಿದ್ಯುತ್ತಿಗೆ 24, ನೆಲದ ಮೇಲಿನ ಗಾಳಿಯಂತ್ರಕ್ಕೆ 11. ಫಲಕ ತಯಾರಿಸಲು ಬೇಕಾದ ಶಕ್ತಿಯೂ ಈ ಲೆಕ್ಕದೊಳಗೇ ಇದೆ. ಆದ್ದರಿಂದ ‘ಸೋಲಾರ್ ಮಾಡಲಿಕ್ಕೂ ಕಲ್ಲಿದ್ದಲು ಸುಡಬೇಕಲ್ಲ, ಮತ್ತೇನು ಲಾಭ’ ಎಂಬ ವಾದ ನಿಲ್ಲುವುದಿಲ್ಲ. ಜಲವಿದ್ಯುತ್ತಿನ ಅಂಕಿ ಮಾತ್ರ ಸರಾಸರಿಯನ್ನಷ್ಟೇ ಹೇಳುತ್ತದೆ. ಉಷ್ಣವಲಯದಲ್ಲಿ ಕಾಡು ಮುಳುಗಿಸಿ ಕಟ್ಟಿದ ಜಲಾಶಯಗಳ ತಳದಲ್ಲಿ ಕೊಳೆಯುವ ಮರಮಟ್ಟಿನಿಂದ ಮೀಥೇನ್ ಏಳುತ್ತದೆ. ಅಂಥ ಕಡೆ ಲೆಕ್ಕ ಕಲ್ಲಿದ್ದಲನ್ನೂ ಮೀರಿದ ಉದಾಹರಣೆಗಳಿವೆ.

ಕಲ್ಲಿದ್ದಲು ಏನು ಮಾಡುತ್ತದೆ ಎಂದು ಕರಾವಳಿಯವರಿಗೆ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ನಂದಿಕೂರು, ಎಲ್ಲೂರು ಭಾಗದಲ್ಲಿ ಕೊಜೆಂಟ್ರಿಕ್ಸ್ ಕಂಪನಿಯ ಯೋಜನೆ 1990ರ ದಶಕದಲ್ಲಿ ದೊಡ್ಡ ವಿರೋಧ ಎದುರಿಸಿ ಬಿದ್ದುಹೋಯಿತು. ಅದೇ ಜಾಗಕ್ಕೆ ಮುಂದೆ ತಲಾ 600 ಮೆಗಾವಾಟಿನ ಎರಡು ಘಟಕಗಳ ಉಡುಪಿ ಸ್ಥಾವರ ಬಂತು. ಅದಕ್ಕೆ ಬೇಕಾದ ಕಲ್ಲಿದ್ದಲು ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಹೋಗುತ್ತದೆ. ಹಾರುಬೂದಿ ಮತ್ತು ಉಪ್ಪುನೀರಿನಿಂದ ಬೆಳೆ, ಬಾವಿಗಳು ಕೆಟ್ಟವೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ, 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟುವಂತೆ ಆದೇಶವಾಯಿತು. ಬದಲಿ ಶಕ್ತಿ ಬೇಕೇಬೇಕು. ಯಾವ ಬದಲಿಯನ್ನು ಎಲ್ಲಿ ಕಟ್ಟಬೇಕು ಎಂಬುದೇ ಇಲ್ಲಿರುವ ಪ್ರಶ್ನೆ.

ಹೆಂಚಿನ ಕಾರ್ಖಾನೆಗಳ ಸೌದೆ

ನವೀಕರಿಸಬಹುದಾದ ಇಂಧನವನ್ನೇ ಉರಿಸಿ ನಡೆದ ಕೈಗಾರಿಕೆ ಮಂಗಳೂರಿಗೆ ಹೊಸದಲ್ಲ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯ ಜೇಡಿ ಮಣ್ಣೇ ಅದರ ಕಚ್ಚಾ ಸಾಮಗ್ರಿ. ಅದರ ಬೆನ್ನಿಗೆ ಇನ್ನೂ ಹಲವು ಕಾರ್ಖಾನೆಗಳು ಎದ್ದವು. ಗೂಡುಗಳಿಗೆ ಬೇಕಾದದ್ದು ಸೌದೆ. ಮರ ಮತ್ತೆ ಬೆಳೆಯುತ್ತದೆ ನಿಜ, ಆದರೆ ಗೂಡು ಮರದ ವೇಗಕ್ಕೆ ಕಾಯುವುದಿಲ್ಲ. ಕಡಿಯುವುದು ಬೆಳೆಯುವುದಕ್ಕಿಂತ ಮುಂದೆ ಓಡಿದ ದಿನದಿಂದ ಸೌದೆ ಹೆಸರಿಗಷ್ಟೇ ನವೀಕರಿಸಬಹುದಾದ ಇಂಧನ. ಇಂದಿನ ಜೀವರಾಶಿ ವಿದ್ಯುತ್ ಸ್ಥಾವರಗಳನ್ನು ಅಳೆಯಬೇಕಾದದ್ದೂ ಇದೇ ಅಳತೆಯಲ್ಲಿ. ತೋಟದ ಕಸ, ಗೇರುಬೀಜದ ಸಿಪ್ಪೆ ಉರಿಸುವುದು ಒಂದು, ಅದಕ್ಕೆಂದೇ ಅಕೇಶಿಯಾ ನೆಡುತೋಪು ಬೆಳೆಸುವುದು ಬೇರೆಯೇ.

ನೇತ್ರಾವತಿಯ ಮೇಲಿನ ಕಿರು ಜಲವಿದ್ಯುತ್

ಭಾರತದಲ್ಲಿ 25 ಮೆಗಾವಾಟ್‌ವರೆಗಿನ ಜಲವಿದ್ಯುತ್ ಯೋಜನೆಗೆ ‘ಸಣ್ಣದು’ ಎಂಬ ಹಣೆಪಟ್ಟಿ. ಬಹುಕಾಲ ನವೀಕರಿಸಬಹುದಾದ ಇಂಧನವೆಂಬ ಮಾನ್ಯತೆ, ಅದರೊಂದಿಗೆ ಬರುವ ರಿಯಾಯಿತಿಗಳು ಈ ಸಣ್ಣ ಯೋಜನೆಗಳಿಗೆ ಮಾತ್ರ ಸಿಗುತ್ತಿದ್ದವು. ದೊಡ್ಡ ಜಲವಿದ್ಯುತ್ತಿಗೂ ಆ ಮಾನ್ಯತೆ ಸಿಕ್ಕಿದ್ದು 2019ರ ಮಾರ್ಚ್‌ನಲ್ಲಿ. ಪರಿಸರ ಪರಿಣಾಮ ಅಂದಾಜು ಕುರಿತ 2006ರ ಅಧಿಸೂಚನೆಯೂ 25 ಮೆಗಾವಾಟ್ ಒಳಗಿನ ಯೋಜನೆಗಳನ್ನು ಪರಿಸರ ಅನುಮತಿಯಿಂದ ಹೊರಗಿಟ್ಟಿತು. ಪರಿಸರ ಪರಿಣಾಮ ಅಧ್ಯಯನ ಬೇಡ, ಸಾರ್ವಜನಿಕ ಅಹವಾಲೂ ಬೇಡ. ಹೀಗಾಗಿ ಘಟ್ಟದ ಹೊಳೆಗಳ ಮೇಲೆ ಬಂದ ಅರ್ಜಿಗಳಲ್ಲಿ 24.75 ಎಂಬ ಅಂಕಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ನೀರಿನ ಪ್ರಮಾಣ, ಇಳಿಜಾರು, ಬಂಡೆಯ ಗುಣ ಒಂದೊಂದು ಹೊಳೆಯಲ್ಲೂ ಬೇರೆಯಾದರೂ ಸಾಮರ್ಥ್ಯ ಮಾತ್ರ ಮಿತಿಯಿಂದ ಕಾಲು ಮೆಗಾವಾಟ್ ಕೆಳಗೆ ನಿಲ್ಲುವುದು ಹೊಳೆಯ ಗುಣದಿಂದಲ್ಲ, ಕಾನೂನಿನ ಗೆರೆಯಿಂದ.

ಮಂಗಳೂರಿಗೆ ತೀರಾ ಹತ್ತಿರದ ಉದಾಹರಣೆ ಬಂಟ್ವಾಳ ತಾಲ್ಲೂಕಿನ ಶಂಭೂರಿನದು. ನೇತ್ರಾವತಿಗೆ ಅಡ್ಡಲಾಗಿರುವ ಅಣೆಕಟ್ಟನ್ನು ಊರವರು ಎಎಂಆರ್ ಡ್ಯಾಂ ಎಂದೇ ಕರೆಯುತ್ತಾರೆ. ಇಲ್ಲಿನ ಉತ್ಪಾದನೆ ಪೆರ್ಲ, ಶೆಂಬೂರಿ ಎಂಬ ಎರಡು ಹೆಸರಿನ, ತಲಾ 24.75 ಮೆಗಾವಾಟಿನ ಯೋಜನೆಗಳಾಗಿ ಕಾಗದಕ್ಕೆ ಬಂತು. ನದಿಗೆ ಇರುವುದು ಒಂದೇ ಅಣೆಕಟ್ಟು, ಅದನ್ನು ಎರಡೆಂದು ತೋರಿಸಿ ಮಿತಿ ತಪ್ಪಿಸಲಾಗಿದೆ ಎಂಬುದು ನದಿ ಕಾರ್ಯಕರ್ತರ ಆಕ್ಷೇಪ. ಈ ಆಕ್ಷೇಪವನ್ನು ತಾಂತ್ರಿಕ ತಕರಾರೆಂದು ತಳ್ಳಿಹಾಕುವಂತಿಲ್ಲ. ಮೀನಿಗೂ ಹೊಯ್ಗೆಗೂ ದಂಡೆಯ ಅಡಿಕೆ ತೋಟಕ್ಕೂ ಎದುರಾಗುವುದು ಒಡ್ಡು. ಯಂತ್ರಗೃಹಕ್ಕೆ ಎಷ್ಟು ಹೆಸರಿದ್ದರೂ ಅವಕ್ಕೆ ವ್ಯತ್ಯಾಸವಾಗದು.

ಶಂಭೂರಿನಿಂದ ಕೆಳಗೆ ಇದೇ ನದಿಗೆ ತುಂಬೆಯ ಕಿಂಡಿ ಅಣೆಕಟ್ಟಿದೆ. ಮಂಗಳೂರಿಗೆ ದಿನಕ್ಕೆ ಸುಮಾರು 160 ದಶಲಕ್ಷ ಲೀಟರ್ ನೀರು ಹೋಗುವುದು ಇಲ್ಲಿಂದ. 2016ರ ಏಪ್ರಿಲ್, ಮೇ ತಿಂಗಳಲ್ಲಿ ತುಂಬೆಯಲ್ಲಿ ನೀರು ತಳ ಸೇರಿದಾಗ ನಗರದ ಎಲ್ಲರ ಕಣ್ಣು ಶಂಭೂರಿನ ಕಡೆ ತಿರುಗಿತು. ಎಎಂಆರ್ ಡ್ಯಾಮಿನಲ್ಲಿ ನಿಂತ ನೀರನ್ನು ಕೆಳಕ್ಕೆ ಬಿಡಿಸಿಕೊಂಡು ನಗರ ದಿನ ದೂಡಿತು. 2019ರ ಬೇಸಿಗೆಯಲ್ಲೂ ಹೀಗೇ ಆಯಿತು. ಒಡ್ಡು ಇದ್ದದ್ದರಿಂದ ಒಳ್ಳೆಯದೇ ಆಯಿತಲ್ಲ ಎಂದು ಆಗ ಹಲವರು ಹೇಳಿದರು. ಆ ಬೇಸಿಗೆಗಳ ಮಟ್ಟಿಗೆ ಅದು ನಿಜ. ಆದರೆ ವಿದ್ಯುತ್ತಿಗೆಂದು ಕಟ್ಟಿದ ಅಣೆಕಟ್ಟಿನ ಗೇಟನ್ನು ಕುಡಿಯುವ ನೀರಿಗಾಗಿ ಯಾವಾಗ, ಎಷ್ಟು ತೆರೆಯಬೇಕು ಎಂಬುದು ಪ್ರತಿ ಬರಗಾಲದಲ್ಲೂ ಜಿಲ್ಲಾಡಳಿತದ ತುರ್ತು ಸಭೆಯಲ್ಲಿ ತೀರ್ಮಾನವಾಗುವ ಸಂಗತಿಯಾಗಿ ಉಳಿದಿದೆ. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನರ ನಗರದ ನೀರು ಇಂಥ ಹೊಂದಾಣಿಕೆಯ ಮೇಲೆ ನಿಂತಿರುವುದು ಆತಂಕದ ಮಾತು.

ಇಂಥ ಯೋಜನೆಗಳಲ್ಲಿ ಎರಡು ಬಗೆ. ಶಂಭೂರಿನದು ಒಡ್ಡಿನ ಬುಡದಲ್ಲೇ ಯಂತ್ರಗೃಹವಿರುವ ಬಗೆ. ಇಲ್ಲಿ ನೀರು ಹಿಂದಕ್ಕೆ ನಿಂತು ದಂಡೆಯ ತೋಟಗಳನ್ನು ತಗ್ಗಿನಿಂದ ಮುಳುಗಿಸುತ್ತದೆ, ಹೊಯ್ಗೆ ಹಿಂದೆ ಕೂರುತ್ತದೆ. ಯಂತ್ರ ಓಡಿಸಿ ನಿಲ್ಲಿಸಿದಂತೆಲ್ಲ ಕೆಳಗಿನ ನೀರಿನ ಮಟ್ಟ ಒಂದೇ ದಿನದಲ್ಲಿ ಏರಿಳಿಯುತ್ತದೆ. ಘಟ್ಟದ ಇಳುಕಲಿನಲ್ಲಿರುವುದು ಇನ್ನೊಂದು ಬಗೆ. ಹೊಳೆಗೆ ಗಿಡ್ಡ ಒಡ್ಡು ಹಾಕಿ, ನೀರನ್ನು ಕಾಲುವೆಗೆ ತಿರುಗಿಸಿ, ಗುಡ್ಡದ ಮಗ್ಗುಲಲ್ಲೇ ದೂರ ಒಯ್ದು, ದಪ್ಪ ಕೊಳವೆಯಲ್ಲಿ ಕೆಳಗಿನ ಯಂತ್ರಗೃಹಕ್ಕೆ ಬೀಳಿಸುತ್ತಾರೆ. ನೀರನ್ನು ಖರ್ಚು ಮಾಡುವುದಿಲ್ಲ, ಹೊಳೆಗೇ ಮರಳಿಸುತ್ತೇವೆ ಎಂಬುದು ಕಂಪನಿಗಳ ಸಮರ್ಥನೆ. ಮರಳಿಸುವುದು ನಿಜ. ಆದರೆ ಒಡ್ಡಿಗೂ ಯಂತ್ರಗೃಹಕ್ಕೂ ನಡುವೆ ಹೊಳೆ ತನ್ನ ಪಾತ್ರದಲ್ಲಿ ಇರುವುದಿಲ್ಲ. ಬಂಡೆಗಳ ಸಂದಿನಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿ ನಿಂತಿರುತ್ತದೆ. ಬಿಸಿಲಿಗೆ ಆ ನೀರು ಕಾಯುತ್ತದೆ, ಎಲೆ ಕೊಳೆತು ಪಾಚಿ ಕಟ್ಟುತ್ತದೆ.

ಈ ನಡುವಿನ ತುಣುಕಿನಲ್ಲಿ ಏನಾಗುತ್ತದೆ ಎಂದು ಸುಮನ್ ಜುಮಾನಿ, ಶಿಶಿರ್ ರಾವ್ ಮತ್ತು ಸಂಗಡಿಗರು ನೇತ್ರಾವತಿಯ ಮೇಲ್ದಂಡೆಯ ಉಪಹೊಳೆಗಳಲ್ಲಿ ಅಧ್ಯಯನ ಮಾಡಿ 2017 ಮತ್ತು 2018ರಲ್ಲಿ ಪ್ರಕಟಿಸಿದ್ದಾರೆ. ಒಡ್ಡು ಬಿದ್ದ ಹೊಳೆಯನ್ನೂ ಬೀಳದ ಹೊಳೆಯನ್ನೂ ಎದುರುಬದುರು ಇಟ್ಟು ನೋಡಿದ ಕೆಲಸ ಅದು. ನೀರು ತಿರುಗಿಸಿದ ಕಡೆ ಉಷ್ಣತೆ ಏರಿತ್ತು, ಕರಗಿದ ಆಮ್ಲಜನಕ ಇಳಿದಿತ್ತು, ಮೀನಿನ ಜಾತಿಗಳ ಕೂಟವೇ ಬದಲಾಗಿತ್ತು. ಓಡುವ ತಂಪು ನೀರನ್ನೇ ನಂಬಿದ, ಪಶ್ಚಿಮ ಘಟ್ಟದಲ್ಲಷ್ಟೇ ಇರುವ ಮೀನುಗಳಿಗೆ ಹೊಡೆತ ಹೆಚ್ಚು. ಸಕಲೇಶಪುರದ ಕಡೆಯ ಯೋಜನೆಗಳ ಸುತ್ತ ಆನೆ ಮತ್ತು ಮನುಷ್ಯರ ಸಂಘರ್ಷ ಏರಿದ್ದನ್ನೂ ಈ ತಂಡ ದಾಖಲಿಸಿತು. ಕಾಲುವೆ ಮತ್ತು ಹೊಸ ರಸ್ತೆಗಳು ಕಾಡನ್ನು ಸೀಳಿದರೆ, ಬಂಡೆ ಸಿಡಿಸುವ ಸದ್ದು ಆನೆಗಳನ್ನು ಕಾಫಿ ತೋಟ, ಗದ್ದೆಗಳ ಕಡೆಗೆ ತಳ್ಳುತ್ತದೆ. ‘ಅಣೆಕಟ್ಟು ಸಣ್ಣದು, ಹಾನಿಯೂ ಸಣ್ಣದು’ ಎಂದು ಹೇಳುವವರು ಓದಲೇಬೇಕಾದ ಕೆಲಸ ಇದು.

ಮೊದಲ ಮಳೆಗೆ ಹೊಳೆ ಕೆಂಪಾಗಿ ಏರಿದಾಗ ಮೀನುಗಳು ಮೊಟ್ಟೆಯಿಡಲು ಮೇಲಕ್ಕೆ ಹತ್ತುತ್ತವೆ. ಮಲೆನಾಡಿನಲ್ಲಿ ಅದಕ್ಕೆ ಹತ್ತುಮೀನು ಎಂದೇ ಹೆಸರು. ಶಿಶಿಲದ ದೇವಸ್ಥಾನದ ಎದುರು ಕಪಿಲಾ ಹೊಳೆಯಲ್ಲಿ ಜನ ಅಕ್ಕಿ, ಹೊದಲು ಹಾಕಿ ಕಾಪಾಡಿಕೊಂಡು ಬಂದ ದೇವರ ಮೀನುಗಳು ಮಹಶೀರ್ ಜಾತಿಯವು. ಇವೂ ಹೊಳೆಯ ಉದ್ದಕ್ಕೆ ಓಡಾಡುವ ಜೀವಿಗಳೇ. ಅಡ್ಡ ಗೋಡೆ ಎದ್ದಲ್ಲಿ ಈ ಓಡಾಟ ನಿಲ್ಲುತ್ತದೆ. ಒಂದು ಒಡ್ಡಿನಿಂದ ಆಗುವ ಹಾನಿ ಸಣ್ಣದೆಂದೇ ಇಟ್ಟುಕೊಳ್ಳೋಣ. ಉಪ್ಪಿನಂಗಡಿಯ ಬಳಿ ನೀರಕಟ್ಟೆಯಲ್ಲಿ ಒಂದು, ಶಂಭೂರಿನಲ್ಲಿ ಒಂದು, ಘಟ್ಟದ ಕವಲುಗಳಲ್ಲಿ ಮತ್ತಷ್ಟು, ಕೆಳಗೆ ತುಂಬೆ. ಸುಮಾರು ನೂರು ಕಿಲೋಮೀಟರಿನ ನದಿಗೆ ಇವೆಲ್ಲ ಸೇರಿ ಏನು ಮಾಡುತ್ತವೆ ಎಂದು ಒಟ್ಟಾಗಿ ನೋಡುವ ಹೊಣೆಯನ್ನು ಕಾನೂನು ಯಾರ ಮೇಲೂ ಹೊರಿಸಿಲ್ಲ. ಈ ಲೇಖನದ ಮಟ್ಟಿಗೆ ಇಡೀ ವಿಷಯದ ತಿರುಳು ಅಲ್ಲಿದೆ. ಪ್ರತಿ ಯೋಜನೆಯನ್ನೂ ಬಿಡಿಯಾಗಿ ಅಳೆದಷ್ಟು ಕಾಲ ಪ್ರತಿಯೊಂದೂ ಪರಿಸರಸ್ನೇಹಿಯಾಗಿಯೇ ಕಾಣುತ್ತದೆ.

ಹರಿವಿನ ಕುರಿತು ಒಂದು ಆದೇಶವಿದೆ. ಎಲ್ಲ ನದಿಗಳಲ್ಲೂ ಬೇಸಿಗೆಯ ಸರಾಸರಿ ಹರಿವಿನ ಶೇ. 15ರಿಂದ 20ರಷ್ಟನ್ನಾದರೂ ಹರಿಯಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಆಗಸ್ಟ್‌ನಲ್ಲಿ ಹೇಳಿತು. ಘಟ್ಟದ ಹೊಳೆಗೆ ಬೇಸಿಗೆಯಲ್ಲಿ ಇರುವುದೇ ಅಷ್ಟಿಷ್ಟು ನೀರು. ಅದರ ಐದರಲ್ಲಿ ಒಂದು ಪಾಲು ಬಂಡೆಯ ಮೇಲೆ ಒದ್ದೆಯಾಗಿ ಹರಡಿದರೆ ಮೀನು ಬದುಕುವಷ್ಟು ಆಳವಾಗದು.

ಗುಂಡ್ಯ

ದೊಡ್ಡ ಯೋಜನೆಯೊಂದು ಪರಿಶೀಲನೆಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಗುಂಡ್ಯ ಸಾಕ್ಷಿ. ಹಾಸನ ಮತ್ತು ದಕ್ಷಿಣ ಕನ್ನಡದ ಗಡಿಯಲ್ಲಿ, ನೇತ್ರಾವತಿಯ ಉಪನದಿ ಕುಮಾರಧಾರೆಯನ್ನು ಸೇರುವ ಗುಂಡ್ಯ ಹೊಳೆಯ ಕವಲುಗಳಾದ ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಬೆಟ್ಟಕುಮರಿ ಕಡೆಯ ನೀರನ್ನು ಸುರಂಗದಲ್ಲಿ ತಂದು, ಮೊದಲ ಹಂತದಲ್ಲಿ 200 ಮೆಗಾವಾಟ್ ವಿದ್ಯುತ್ ತೆಗೆಯುವುದು ಕರ್ನಾಟಕ ವಿದ್ಯುತ್ ನಿಗಮದ ಯೋಜನೆಯಾಗಿತ್ತು. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ ಕೇರಳದ ಅತಿರಪ್ಪಿಳ್ಳಿಯ ಜೊತೆಗೆ ಇದಕ್ಕೂ ಅನುಮತಿ ಕೊಡಬಾರದೆಂದು ಶಿಫಾರಸು ಮಾಡಿತು. ಆ ಕಾಡಿಗೆ ತನ್ನದೇ ಕಪ್ಪೆಯೊಂದಿದೆ. 1986ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯವಾದ ಇಂಡಿರಾನ ಗುಂಡಿಯ ಆ ಊರಿನ ಹೆಸರನ್ನೇ ಹೊತ್ತಿದೆ, ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ವಿಪರ್ಯಾಸವೆಂದರೆ ಅದೇ ಹೊಳೆಗಳ ನೀರು ಈಗ ಎತ್ತಿನಹೊಳೆ ಯೋಜನೆಯಲ್ಲಿ ಪೂರ್ವಕ್ಕೆ ತಿರುಗಿದೆ. ಅದರ ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ವಿದ್ಯುತ್ ತೆಗೆಯಬೇಕೆಂದಿದ್ದ ನೀರನ್ನು ಮೇಲೆತ್ತಲು ಈಗ ಇನ್ನೂರು ಮೆಗಾವಾಟ್‌ಗೂ ಹೆಚ್ಚು ವಿದ್ಯುತ್ ಬೇಕು.

ಸೌರಶಕ್ತಿ

ಸೌರಶಕ್ತಿಯ ಒಳಿತು ಕೆಡುಕು ಬಹುಮಟ್ಟಿಗೆ ಫಲಕ ಕೂರುವ ಜಾಗವನ್ನು ಅವಲಂಬಿಸಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಮೆಗಾವಾಟಿಗೆ ಆರು ಎಕರೆಗೂ ಹೆಚ್ಚು ನೆಲ. ಅಲ್ಲಿ ಭೂಮಿ ಕಸಿದುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಬರಪೀಡಿತ ಒಡೆಯರಿಗೆ ಆಸರೆಯೇ ಆಯಿತು. ಭೂಮಿ ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಬಾಡಿಗೆ ಬರಲಿಲ್ಲ, ಕೆಲಸ ಮತ್ತು ಮೇವಿನ ನೆಲ ಮಾತ್ರ ಹೋಯಿತು. ಮಂಗಳೂರಿನ ಮನೆಯ ಫ್ಯಾನು ತಿರುಗಿಸುವ ಜಾಲದಲ್ಲಿ ಆ ವಿದ್ಯುತ್ತೂ ಸೇರಿದೆ.

ಚಾವಣಿಯ ಕಥೆ ಬೇರೆ. ಅಲ್ಲಿ ನೆಲ ಆಗಲೇ ಮನೆಯಾಗಿದೆ, ಗೋದಾಮಾಗಿದೆ. ನವಮಂಗಳೂರು ಬಂದರು ಸುಮಾರು 5 ಮೆಗಾವಾಟಿನಷ್ಟು ಫಲಕಗಳನ್ನು ತನ್ನ ಕಟ್ಟಡಗಳ ಮೇಲೆ ಹಾಕಿಕೊಂಡಿದೆ. ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರವೂ ಸುಮಾರು 6 ಮೆಗಾವಾಟಿನಷ್ಟು ಅಳವಡಿಸಿದೆ. ಅಲ್ಲಿ ಶುದ್ಧವಾಗುವ ಕಚ್ಚಾತೈಲದ ಎದುರು ಅದು ಚಿಕ್ಕ ಪಾಲೇ, ಆದರೂ ಒಂದು ಮರ ಕಡಿಯದೆ ಬಂದ ವಿದ್ಯುತ್. ಗ್ರಾಮೀಣ ಮನೆಗಳಿಗೆ ಬ್ಯಾಂಕ್ ಸಾಲದಲ್ಲಿ ಸೋಲಾರ್ ದೀಪ ಮುಟ್ಟಿಸುವ ಕೆಲಸದಲ್ಲಿ 1995ರಲ್ಲಿ ಹುಟ್ಟಿದ ಸೆಲ್ಕೋ ಸಂಸ್ಥೆ ಈ ಕರಾವಳಿಯಲ್ಲೂ ದುಡಿದಿದೆ. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಂತಿ ತಲುಪದ ಮನೆಗೆ ಒಂದೆರಡು ದೀಪದ ಸೌರ ಸಾಧನ ಕೊಡುವುದರಲ್ಲಿ ಪರಿಸರಕ್ಕೆ ಹಾನಿಯೆನ್ನುವಂಥದ್ದು ಬಹುಮಟ್ಟಿಗೆ ಬ್ಯಾಟರಿಯ ಸೀಸವೇ.

ಒಂದು ಲೆಕ್ಕ ಹಾಕಬಹುದು. 24.75 ಮೆಗಾವಾಟಿನ ಕಿರು ಜಲವಿದ್ಯುತ್ ಯೋಜನೆ ವರ್ಷದಲ್ಲಿ ತನ್ನ ಸಾಮರ್ಥ್ಯದ ಶೇ. 35ರಷ್ಟು ಉತ್ಪಾದಿಸುತ್ತದೆಂದು ಹಿಡಿದರೆ ಸುಮಾರು ಏಳೂವರೆ ಕೋಟಿ ಯೂನಿಟ್. ಒಂದು ಕಿಲೋವಾಟ್ ಚಾವಣಿ ಸೋಲಾರ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ತಲಾ 3 ಕಿಲೋವಾಟ್ ಹಾಕಿಸಿಕೊಂಡ ಹದಿನೆಂಟು ಸಾವಿರ ಮನೆಗಳು ಒಂದು ಹೊಳೆಗೆ ಬೀಳುವ ಒಡ್ಡನ್ನು ತಪ್ಪಿಸಬಲ್ಲವು. 2024ರ ಫೆಬ್ರುವರಿಯಲ್ಲಿ ಘೋಷಣೆಯಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವೂ ಇದೆ. ಸುಮಾರು 300 ಚದರಡಿ ನೆರಳಿಲ್ಲದ ಜಾಗ ಸಾಕು. ಮಂಗಳೂರಿನಲ್ಲಿ ತಾರಸಿಯ ಮೇಲೆ ಮಳೆಗೆಂದು ಶೀಟು ಹೊದೆಸುವ ಮನೆಗಳೇ ಹೆಚ್ಚು. ಆ ಶೀಟಿನ ಮೇಲೂ ಫಲಕ ಕೂರುತ್ತದೆ, ಉಪ್ಪುಗಾಳಿಗೆ ತುಕ್ಕು ಹಿಡಿಯದ ಚೌಕಟ್ಟು ಬೇಕು ಅಷ್ಟೆ.

ಈ ಲೆಕ್ಕಕ್ಕೆ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ವರ್ಷಕ್ಕೆ ನಾಲ್ಕು ಮೀಟರಿನ ಆಸುಪಾಸು ಮಳೆ ಸುರಿಯುವ ಊರು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫಲಕದ ಉತ್ಪಾದನೆ ಕುಸಿಯುತ್ತದೆ, ಅದೇ ಹೊತ್ತಿಗೆ ಘಟ್ಟದ ಜಲವಿದ್ಯುತ್ ಯಂತ್ರಗಳು ಪೂರ್ತಿ ತಿರುಗುತ್ತವೆ. ಬೇಸಿಗೆಯಲ್ಲಿ ಇದು ತಿರುವುಮುರುವು. ರಾತ್ರಿಯ ಬೇಡಿಕೆಗೂ ಸೋಲಾರ್ ಒಂದೇ ಸಾಲದು. ಈಗಾಗಲೇ ಇರುವ ವಾರಾಹಿ, ಶರಾವತಿಯಂಥ ಸ್ಥಾವರಗಳನ್ನು ಮಳೆಗಾಲ ಮತ್ತು ರಾತ್ರಿಗೆ ಚೆನ್ನಾಗಿ ಬಳಸಿಕೊಂಡು, ಹಗಲಿನದನ್ನು ಚಾವಣಿಗಳಿಂದ ತೆಗೆದರೆ ಹೊಸ ಹೊಳೆಗಳಿಗೆ ಕೈಹಾಕುವ ಅಗತ್ಯ ಬಹಳಷ್ಟು ಇಳಿಯುತ್ತದೆ.

ಗಾಳಿ, ತಂತಿ, ಶೇಖರಣೆ

ಮಂಗಳೂರಿನ ಸುತ್ತ ಗಾಳಿಯಂತ್ರಗಳಿಲ್ಲ, ರಾಜ್ಯದಲ್ಲಿ ಅವು ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ಯಂತ್ರಗಳಿರುವ ಕಡೆಗಿಂತ ಇಲ್ಲದ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚಿದ್ದವು. ಹಕ್ಕಿ ಕಡಿಮೆಯಾದಲ್ಲಿ ಓತಿಗಳು ಹೆಚ್ಚಿ, ಅವುಗಳ ಮೈಕಟ್ಟು, ನಡವಳಿಕೆಗಳೂ ಬದಲಾಗಿದ್ದವು.

ವಿದ್ಯುತ್ ಎಲ್ಲಿಂದ ಬಂದರೂ ಸಾಗಬೇಕಾದದ್ದು ತಂತಿಯಲ್ಲಿ. ಉಡುಪಿಯಿಂದ ಕಾಸರಗೋಡಿಗೆ ಎಳೆಯುತ್ತಿರುವ 400 ಕಿಲೋವೋಲ್ಟ್ ಮಾರ್ಗಕ್ಕೆ ವಿಟ್ಲದ ಕಡೆಯ ರೈತರು ವರ್ಷಗಳಿಂದ ವಿರೋಧ ತೋರುತ್ತಿದ್ದಾರೆ. ತಂತಿಯಡಿಯ ಪಟ್ಟಿಯಲ್ಲಿ ಅಡಿಕೆ, ತೆಂಗು ಬೆಳೆಯುವಂತಿಲ್ಲ. ತುಂಡು ಹಿಡುವಳಿಯ ಜಿಲ್ಲೆಯಲ್ಲಿ ಅದು ಒಂದು ಮನೆಯ ಇಡೀ ತೋಟವೇ ಆಗಬಹುದು. ಚಾವಣಿ ವಿದ್ಯುತ್ತಿನ ದೊಡ್ಡ ಗುಣವೊಂದು ಇಲ್ಲಿ ತಿಳಿಯುತ್ತದೆ: ಹುಟ್ಟಿದಲ್ಲೇ ಖರ್ಚಾಗುವ ವಿದ್ಯುತ್ತಿಗೆ ಗೋಪುರ ಬೇಡ.

ಬಿಸಿಲು, ಗಾಳಿಯ ಏರಿಳಿತಕ್ಕೆ ಪರಿಹಾರವೆಂದು ಮುಂದಿಟ್ಟಿರುವುದು ಶರಾವತಿ ಪಂಪ್ಡ್ ಸ್ಟೋರೇಜ್. ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು 2,000 ಮೆಗಾವಾಟ್ ಪಡೆಯುವ ಯೋಜನೆ ಇದು. ಎತ್ತಲು ತಗಲುವ ವಿದ್ಯುತ್ ಮರಳಿ ಸಿಗುವುದಕ್ಕಿಂತ ಹೆಚ್ಚು, ಮತ್ತು ಸುರಂಗಗಳು ಹಾಯುವುದು ಸಿಂಗಳೀಕಗಳ ಅಭಯಾರಣ್ಯದ ಅಡಿಯಲ್ಲಿ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಎದ್ದುಹೋದ ಕುಟುಂಬಗಳು ಕೊಟ್ಟ ಜಾಗಕ್ಕೆ ಹಕ್ಕುಪತ್ರ ಕೇಳುತ್ತಿರುವ ಕಣಿವೆಯಲ್ಲೇ 2025ರಲ್ಲಿ ಈ ಹೊಸ ಯೋಜನೆಯ ಅಹವಾಲು ಸಭೆಗಳು ನಡೆದು, ಜನ ದೊಡ್ಡ ದನಿಯಲ್ಲಿ ವಿರೋಧಿಸಿದರು.

ಹಳೆಯ ಫಲಕಗಳು

ಸೌರ ಫಲಕದ ಬಾಳಿಕೆ ಸುಮಾರು 25 ವರ್ಷ. ಗಾಜು, ಅಲ್ಯುಮಿನಿಯಂ, ಸಿಲಿಕಾನ್, ಬೆಸುಗೆಯ ಸೀಸ, ಚೂರು ಬೆಳ್ಳಿ ಇವು ಅದರ ಮೈ. ಬಿಡಿಸಿ ತೆಗೆದರೆ ಬೆಲೆಯುಳ್ಳವು, ಗುಂಡಿಗೆ ಹಾಕಿದರೆ ಸೀಸ ನೀರಿಗಿಳಿಯುವ ಭಯ. ಭಾರತದ ಇ-ತ್ಯಾಜ್ಯ ನಿಯಮಗಳು ಸೌರ ಫಲಕವನ್ನು ಒಳಗೆ ತಂದದ್ದು 2022ರಲ್ಲಿ, ಜಾರಿಯಾದದ್ದು 2023ರ ಏಪ್ರಿಲ್ 1ರಿಂದ. ಅವುಗಳ ಪ್ರಕಾರ ತಯಾರಕರು ಹಳೆಯ ಫಲಕಗಳನ್ನು 2034-35ರವರೆಗೆ ಸಂಗ್ರಹಿಸಿಡಬೇಕು, ದಾಖಲೆ ಇಡಬೇಕು. ಆದರೆ ಮನೆಯ ಚಾವಣಿಯಿಂದ ಇಳಿದ ಫಲಕ ತಯಾರಕರ ಗೋದಾಮಿಗೆ ತಲುಪುವ ದಾರಿಯನ್ನು ಊರುಗಳು ಇನ್ನಷ್ಟೇ ಮಾಡಿಕೊಳ್ಳಬೇಕು. 2019ರ ಆಗಸ್ಟ್ ಮಳೆಯಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮನೆ, ತೋಟಗಳನ್ನು ಮುಚ್ಚಿದ್ದನ್ನು ಕಂಡ ನಗರ ಇದು. ಇಂದು ಫಲಕ ಮಾರುವ ಅಂಗಡಿಯೇ ಅದನ್ನು ವಾಪಸು ಪಡೆಯುವ ಕರಾರಿಗೂ ಸಹಿ ಹಾಕುವಂತೆ ಮಾಡಲು ಮಹಾನಗರಪಾಲಿಕೆಗೂ ವಿದ್ಯುತ್ ಪೂರೈಸುವ ಮೆಸ್ಕಾಂಗೂ ಇನ್ನೂ ಕಾಲಾವಕಾಶವಿದೆ. ಈಚೆಗೆ ಹಾಕಿಸಿದ ಚಾವಣಿ ಫಲಕಗಳ ಬಹುಪಾಲು ಇಳಿಯುವುದು 2050ರ ಆಸುಪಾಸಿನಲ್ಲಿ.